ಕ್ರೈಸ್ತ ಜೀವಿತದಲ್ಲಿ ನಿಜವಾದ ದೀನತೆಯನ್ನು ಅಭ್ಯಾಸ ಮಾಡುವುದು ಹೇಗೆ

ಪ್ರಾರ್ಥನಾ ಕೂಟದಲ್ಲಿ ಮೊಣಕಾಲೂರಿ "ಕರ್ತನೇ, ನಾನು ಮಣ್ಣು, ನಾನು ಧೂಳು, ಯಾವುದಕ್ಕೂ ಬಾರದವನು" ಎಂದು ಕಣ್ಣೀರಿಡುವ ವಿಶ್ವಾಸಿಯೇ, ಮರುದಿನ ಸಭಾ ಸಮಿತಿಯಲ್ಲಿ ಯಾರಾದರೂ "ಈ ಲೆಕ್ಕದಲ್ಲಿ ತಾವು ತಪ್ಪಿದ್ದೀರಿ" ಎಂದರೆ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗುವುದುಂಟು. ಅವರು ಕಪಟಿಯೆಂದು ನಾನು ಹೇಳುವುದಿಲ್ಲ. ತನ್ನ ಬಗ್ಗೆ ಕೀಳಾದ ಮಾತುಗಳನ್ನು ಆಡುವುದೇ ದೀನತೆಯೆಂದು ಅವರಿಗೆ ಯಾರೋ ಕಲಿಸಿದ್ದಾರೆ. ತನ್ನ ಬಗೆಗಿನ ಸತ್ಯವನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವುದನ್ನು ಯಾರೂ ಕಲಿಸಿಲ್ಲ. ಕೊಲೊಸ್ಸೆಯ ಸಭೆಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ನೋಡುವವರ ಕಣ್ಣಿಗೆ ಭಕ್ತಿಯಂತೆ ತೋರುವ, ಆದರೆ ಶರೀರದ ಸ್ವಭಾವವನ್ನು ತಡೆಯಲು ಯಾವ ಶಕ್ತಿಯೂ ಇಲ್ಲದ ಇಂಥ ಅತಿವಿನಯದ ಬಗ್ಗೆ ಸ್ಪಷ್ಟವಾದ ಎಚ್ಚರಿಕೆ ಇದೆ.

ಹದಿನಾರನೆಯ ಶತಮಾನದ ಸ್ಪೇನ್ ದೇಶದ ಸನ್ಯಾಸಿನಿ ಆವಿಲಾದ ತೆರೇಸಾ, ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು ಎಂದು ಬರೆದರು. ಈ ಲೇಖನವು ಅದೇ ತಿಳುವಳಿಕೆಯ ಮೇಲೆ ನಿಂತಿದೆ. ದೇವರು ನಮ್ಮನ್ನು ಹೇಗೆ ಕಾಣುತ್ತಾನೋ ಹಾಗೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ನಮ್ಮನ್ನು ನಾವು ಕಂಡುಕೊಂಡು ಅದಕ್ಕೆ ತಕ್ಕಂತೆ ನಡೆಯುವುದು ದೀನತೆ. ಚೆನ್ನಾಗಿ ಹಾಡುವವರು ತಮಗೆ ಹಾಡಲು ಬರುವುದಿಲ್ಲವೆಂದು ಹೇಳಬೇಕಾಗಿಲ್ಲ. ಹಣದ ವಿಷಯದಲ್ಲಿ ಎಡವಿದವರು ಎಡವಿಲ್ಲವೆಂದು ಸಾಧಿಸಬಾರದು. ಈ ಗುಣವು ಬಯಸಿದ ಮಾತ್ರಕ್ಕೆ ಬರುವುದಿಲ್ಲ, ಆದರೆ ಅದು ಬೆಳೆಯಲು ಅನುವು ಮಾಡಿಕೊಡುವ ಅಭ್ಯಾಸಗಳಿವೆ. ಅವುಗಳಲ್ಲಿ ನನಗೆ ಮುಖ್ಯವೆಂದು ತೋರಿದವುಗಳನ್ನು, ವಿಶೇಷವಾಗಿ ಸಭೆಯಲ್ಲಿ ಒಂದಲ್ಲ ಒಂದು ಸೇವೆ ಮಾಡುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮ್ಮ ನೆಲೆಯನ್ನು ತಿಳಿದುಕೊಳ್ಳಿ

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆದು, ಮೊದಲ 17 ವಚನಗಳನ್ನು ನಿಧಾನವಾಗಿ ಓದಿ. ಯೇಸು ಶಿಷ್ಯರ ಕಾಲುಗಳನ್ನು ತೊಳೆದ ಈ ಭಾಗ ಎಲ್ಲರಿಗೂ ಪರಿಚಿತ, ಆದ್ದರಿಂದಲೇ ಅದರ ಮೂರನೆಯ ವಚನವನ್ನು ನಾವು ದಾಟಿಹೋಗುತ್ತೇವೆ. ತಂದೆಯು ಸಮಸ್ತವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ, ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೆ ಹೋಗುವವನು ಎಂಬುದನ್ನು ಯೇಸು ತಿಳಿದಿದ್ದನು ಎಂದು ಸುವಾರ್ತಿಕನು ಮೊದಲು ಹೇಳುತ್ತಾನೆ; ಆಮೇಲೆ ಆತನು ಊಟದಿಂದ ಎದ್ದು, ಮೇಲಂಗಿಯನ್ನು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡದ್ದನ್ನು ಹೇಳುತ್ತಾನೆ. ಮನೆಯಾಳಿಗೆ ಬಿಡುತ್ತಿದ್ದ ಕೆಲಸವನ್ನು ಆತನು ಕೈಗೆತ್ತಿಕೊಂಡದ್ದು ತಾನು ಯಾರೆಂದು ಪೂರ್ಣವಾಗಿ ಅರಿತೇ. ಕೆಲಸ ಮುಗಿದ ಮೇಲೆಯೂ, ನೀವು ನನ್ನನ್ನು ಬೋಧಕನೆಂದೂ ಕರ್ತನೆಂದೂ ಕರೆಯುತ್ತೀರಿ, ಅದು ಸರಿಯೇ, ನಾನು ಅಂಥವನೇ ಎಂದು ಆತನು ಒಪ್ಪಿಕೊಳ್ಳುತ್ತಾನೆ. ತನ್ನ ಹೆಸರನ್ನು ಅಲ್ಲಗಳೆಯದೆಯೇ ಆತನು ತಗ್ಗಿದನು.

ಇದರಿಂದ ಹೊರಡುವ ಕಾರ್ಯರೂಪದ ಪಾಠ ಹೀಗಿದೆ. ತನ್ನ ಬೆಲೆ ಎಲ್ಲಿಂದ ಬರುತ್ತದೆಂಬ ನಿಶ್ಚಯ ಇಲ್ಲದವನು ಪ್ರತಿ ಸಣ್ಣ ಕೆಲಸದಲ್ಲಿಯೂ ತನ್ನ ಮರ್ಯಾದೆ ಕರಗುತ್ತದೆಂದು ಹೆದರುತ್ತಾನೆ. ಆದ್ದರಿಂದ ಸೇವೆಗೆ ಹೊರಡುವ ಮುನ್ನ, ವೇದಿಕೆ ಹತ್ತುವುದಕ್ಕಾಗಲಿ ಕುರ್ಚಿ ಜೋಡಿಸುವುದಕ್ಕಾಗಲಿ, ಕೆಲವು ನಿಮಿಷ ಮೌನವಾಗಿ ಕುಳಿತು, ಕ್ರಿಸ್ತನಲ್ಲಿ ನಾನು ದೇವರ ಮಗು, ಇಂದು ಜನರು ಏನೆಂದರೂ ಇದು ಹೆಚ್ಚುವುದಿಲ್ಲ ಕಡಿಮೆಯಾಗುವುದಿಲ್ಲ ಎಂದು ದೇವರ ಮುಂದೆ ನೆನಪು ಮಾಡಿಕೊಳ್ಳಿ. ಇದು ಅಹಂಕಾರವಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೃಪೆಯಿಂದ ದೊರೆತದ್ದನ್ನು ಕೃಪೆಯಿಂದ ದೊರೆತದ್ದೆಂದೇ ಒಪ್ಪಿಕೊಳ್ಳುವುದರಲ್ಲಿ ಅಹಂಕಾರಕ್ಕೆ ಎಡೆಯೇ ಇರುವುದಿಲ್ಲ.

ಅದೇ ಅಧ್ಯಾಯದಲ್ಲಿ ಪೇತ್ರನನ್ನೂ ಗಮನಿಸಿ. ನೀನು ಎಂದಿಗೂ ನನ್ನ ಕಾಲುಗಳನ್ನು ತೊಳೆಯಬಾರದು ಎಂಬ ಅವನ ಮಾತು ಕೇಳಲು ಎಷ್ಟು ವಿನಯವಾಗಿದೆ! ಆದರೆ ನಾನು ನಿನ್ನನ್ನು ತೊಳೆಯದಿದ್ದರೆ ನಿನಗೆ ನನ್ನೊಂದಿಗೆ ಪಾಲಿಲ್ಲ ಎಂದು ಯೇಸು ಉತ್ತರಿಸಿದನು. ಕೊಡುವುದರಲ್ಲಿ ಮುಂದಿದ್ದು ತೆಗೆದುಕೊಳ್ಳುವುದರಲ್ಲಿ ಹಿಂಜರಿಯುವವರು ನಮ್ಮ ಸಭೆಗಳಲ್ಲಿ ಬಹಳ ಮಂದಿ ಇದ್ದಾರೆ. ಕಾಯಿಲೆ ಬಿದ್ದಾಗ ಸಹವಿಶ್ವಾಸಿಗಳು ತಂದುಕೊಟ್ಟ ಊಟವನ್ನು ಸಂಕೋಚಪಡದೆ ಸ್ವೀಕರಿಸುವುದು, ಕಷ್ಟ ಬಂದಾಗ "ನನಗಾಗಿ ಪ್ರಾರ್ಥಿಸಿ" ಎಂದು ಕಾರಣವನ್ನೂ ಹೇಳಿ ಕೇಳುವುದು, ಇವು ಕಾಲು ತೊಳೆಯುವಷ್ಟೇ ಕಠಿಣವಾದ ಅಭ್ಯಾಸಗಳು.

ಪಡೆದುದರ ಪಟ್ಟಿ

ಕೊರಿಂಥದ ವಿಶ್ವಾಸಿಗಳು "ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು" ಎಂದು ಪಂಗಡ ಕಟ್ಟಿಕೊಂಡು ಬೀಗುತ್ತಿದ್ದಾಗ ಪೌಲನು ಅವರಿಗೆ ಒಂದು ಪ್ರಶ್ನೆ ಹಾಕಿದನು: ನಿಮ್ಮಲ್ಲಿರುವವುಗಳಲ್ಲಿ ನೀವು ದಾನವಾಗಿ ಪಡೆಯದೆ ಇರುವುದು ಯಾವುದು? ಮೊದಲನೆಯ ಪತ್ರಿಕೆಯ 4:7ರಲ್ಲಿರುವ ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರೆಯಿರಿ. ನಿಮ್ಮ ಓದು, ಕಂಠ, ಬೋಧನೆಯ ಸಾಮರ್ಥ್ಯ, ಮನೆತನ, ಸತ್ಯವೇದದ ಜ್ಞಾನ, ಎಲ್ಲವನ್ನೂ ಒಂದೊಂದಾಗಿ ಬರೆದು, ಅದರ ಮುಂದೆ ಅದು ಯಾರ ಮೂಲಕ ಬಂದಿತೆಂದು ಗುರುತಿಸಿ. ಮೊದಲ ಬಾರಿಗೆ ಸತ್ಯವೇದವನ್ನು ಕೈಗಿಟ್ಟ ಅಜ್ಜಿ, ಸಂಡೇ ಸ್ಕೂಲಿನಲ್ಲಿ ವಚನಗಳನ್ನು ಬಾಯಿಪಾಠ ಮಾಡಿಸಿದ ಟೀಚರ್, ನೀವು ತೊದಲುತ್ತಿದ್ದಾಗ ಕೂಟ ನಡೆಸಲು ಅವಕಾಶ ಕೊಟ್ಟ ಪಾಸ್ಟರ್, ಇವರ ಹೆಸರುಗಳು ಅಲ್ಲಿ ಬರಲಿ. ಬದುಕಿರುವವರಿಗೆ ಒಂದು ಕೃತಜ್ಞತೆಯ ಮಾತನ್ನು ತಲುಪಿಸಿ.

ಪ್ರಾರ್ಥನೆಯನ್ನು ಶೋಧಿಸಿ ನೋಡುವುದು

ಯೇಸು ಹೇಳಿದ ಸಾಮ್ಯವೊಂದರಲ್ಲಿ ಬರುವ, ಲೂಕನು 18ನೆಯ ಅಧ್ಯಾಯದಲ್ಲಿ ದಾಖಲಿಸಿರುವ ಫರಿಸಾಯನ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನ) ಪ್ರಾರ್ಥನೆಯು ಕೃತಜ್ಞತಾಸ್ತುತಿಯಿಂದ ಆರಂಭವಾಗುತ್ತದೆ. ವಾರಕ್ಕೆ ಎರಡು ಸಾರಿ ಉಪವಾಸ, ಸಂಪಾದನೆಯಲ್ಲೆಲ್ಲ ಹತ್ತರಲ್ಲೊಂದು ಪಾಲು ಎಂಬ ಅವನ ಮಾತು ಸುಳ್ಳೆಂದು ಯೇಸು ಹೇಳಲಿಲ್ಲ. ಅವನ ಕಣ್ಣು ಹಿಂದೆ ನಿಂತಿದ್ದ ಸುಂಕದವನ ಕಡೆಗೆ ತಿರುಗಿದ್ದೇ ಅವನನ್ನು ಕೆಡಿಸಿತು. ನಮ್ಮ ಪ್ರಾರ್ಥನೆಯಲ್ಲಿಯೂ ಸಾಕ್ಷಿಯಲ್ಲಿಯೂ ಹೀಗೆ ಹೋಲಿಕೆ ನುಸುಳುವ ಜಾಗಗಳನ್ನು ಹುಡುಕಬೇಕು. "ನಮ್ಮ ಸಭೆಗೆ ಮಾತ್ರ ಈ ಪ್ರಕಟಣೆಯನ್ನು ಕೊಟ್ಟಿದ್ದಕ್ಕೆ ಸ್ತೋತ್ರ", "ಲೋಕದವರಂತೆ ನಮ್ಮ ಮಕ್ಕಳನ್ನು ಬಿಡಲಿಲ್ಲ, ಸ್ತೋತ್ರ" ಎಂಬಂಥ ವಾಕ್ಯಗಳು ನಾಲಿಗೆಗೆ ಬಂದಾಗ, ಅದರಲ್ಲಿರುವ ಇನ್ನೊಬ್ಬರ ಪ್ರಸ್ತಾಪವನ್ನು ಕಿತ್ತುಹಾಕಿ ಮತ್ತೊಮ್ಮೆ ಹೇಳಿ ನೋಡಿ. ಆಗ ಉಳಿಯುವುದೇ ನಿಜವಾದ ಸ್ತೋತ್ರ, ಮತ್ತು ಏನೂ ಉಳಿಯದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡುವುದು ಒಳ್ಳೆಯದು.

ಇಲ್ಲಿ ಆರನೆಯ ಶತಮಾನದ ಬೆನೆಡಿಕ್ಟನನ್ನು ನೆನೆಯಬೇಕು. ಆತನು ಮಠವಾಸಿಗಳಿಗಾಗಿ ರೂಪಿಸಿದ ನಿಯಮದ ಏಳನೆಯ ಅಧ್ಯಾಯದಲ್ಲಿ ದೀನತೆಗೆ 12 ಮೆಟ್ಟಿಲುಗಳನ್ನು ಹೇಳಿದ್ದಾನೆ. ಮೊದಲನೆಯದು ದೇವರು ಎಲ್ಲ ಹೊತ್ತಿನಲ್ಲಿಯೂ ತನ್ನನ್ನು ಕಾಣುತ್ತಿದ್ದಾನೆಂಬ ದೇವಭಯ. ತಲೆ ತಗ್ಗಿಸಿದ ನಿಲುವು, ನೆಲದ ಕಡೆಗಿನ ದೃಷ್ಟಿ ಎಂಬ ಹೊರಗಿನ ಗುರುತುಗಳು ಬರುವುದು ಹನ್ನೆರಡನೆಯ ಮೆಟ್ಟಿಲಲ್ಲಿ. ನಾವು ಬಹುಮಟ್ಟಿಗೆ ಕೊನೆಯದರಿಂದ ಆರಂಭಿಸಿ ಅಲ್ಲಿಯೇ ನಿಂತುಬಿಡುತ್ತೇವೆ. ಮೆಲುದನಿ, ಸರಳವಾದ ಉಡುಗೆ, ಬಾಗಿದ ಬೆನ್ನು ಇವೆಲ್ಲ ಒಳಗಿನಿಂದ ಬಂದರೆ ಬರಲಿ. ಅವುಗಳನ್ನು ಮೊದಲೇ ಧರಿಸಿಕೊಳ್ಳಲು ಹೋಗಬೇಡಿ.

ತಿದ್ದುವ ಮಾತನ್ನು ಕೇಳುವುದು

ನನ್ನ ದೃಷ್ಟಿಯಲ್ಲಿ ದೀನತೆಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಅಂತಿಯೋಕ್ಯದಲ್ಲಿ ಪೇತ್ರನು ಮೊದಲು ಅನ್ಯಜನಗಳಿಂದ ಬಂದ ವಿಶ್ವಾಸಿಗಳ ಜೊತೆ ಕುಳಿತು ಊಟ ಮಾಡುತ್ತಿದ್ದನು. ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವು ಯೆಹೂದ್ಯ ವಿಶ್ವಾಸಿಗಳು ಬಂದ ಮೇಲೆ ಅವರಿಗೆ ಹೆದರಿ ಹಿಂದೆ ಸರಿದನು, ಪೌಲನ ಜೊತೆಗಾರ ಬಾರ್ನಬನೂ ಆ ಸೆಳವಿಗೆ ಸಿಕ್ಕಿದನು. ಆಗ ಪೌಲನು ಎಲ್ಲರ ಮುಂದೆ ಪೇತ್ರನನ್ನು ಎದುರಿಸಿದ್ದನ್ನು ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಮೂರು ವರ್ಷ ಯೇಸುವಿನ ಜೊತೆ ನಡೆದಾಡಿದ ಅಪೊಸ್ತಲನನ್ನು, ಒಂದು ಕಾಲದಲ್ಲಿ ಸಭೆಯನ್ನು ಹಿಂಸಿಸುತ್ತಿದ್ದವನು ಬಹಿರಂಗವಾಗಿ ತಿದ್ದಿದನು. ಪೇತ್ರನ ಹೆಸರಿನಲ್ಲಿರುವ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಅದೇ ಪೌಲನನ್ನು "ನಮ್ಮ ಪ್ರಿಯ ಸಹೋದರ" ಎಂದು ಕರೆಯಲಾಗಿದೆ. ತಿದ್ದಿದವರನ್ನು ಪ್ರಿಯರೆಂದು ಕರೆಯುವ ಸ್ಥಿತಿಗೆ ನಾವು ಬರಬೇಕಾದರೆ ಕೆಲವು ಸಣ್ಣ ಶಿಸ್ತುಗಳು ಬೇಕು.

ಯಾರಾದರೂ ನಿಮ್ಮ ತಪ್ಪನ್ನು ಹೇಳಲು ಬಂದಾಗ, ಅವರ ಮಾತು ಮುಗಿಯುವವರೆಗೆ ಉತ್ತರ ಕೊಡಬೇಡಿ. ಮುಗಿದ ಮೇಲೆ, ನೀವು ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ಹೇಳಿ, ಇದನ್ನೇ ತಾವು ಹೇಳುತ್ತಿರುವುದೇ ಎಂದು ವಿಚಾರಿಸಿ. ಮನಸ್ಸು ಕುದಿಯುತ್ತಿದ್ದರೆ ಒಂದು ದಿನದ ಅವಕಾಶ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಆ ಒಂದು ದಿನವನ್ನು ನಿಮ್ಮ ಪರವಾಗಿ ಮಾತನಾಡುವವರನ್ನು ಕೂಡಿಸುವುದಕ್ಕೆ ಬಳಸಬಾರದು. ಹೇಳಿದವರ ಧಾಟಿ ಒರಟಾಗಿರಬಹುದು, ಅವರ ಉದ್ದೇಶವೂ ಪೂರ್ತಿ ಶುದ್ಧವಾಗಿರಲಿಕ್ಕಿಲ್ಲ, ಆರೋಪದ ಬಹುಪಾಲು ತಪ್ಪು ತಿಳುವಳಿಕೆಯೇ ಆಗಿರಬಹುದು; ಆದರೂ ಅದರಲ್ಲಿ ನಿಜವಾದ ಅಂಶ ಎಷ್ಟಿದೆಯೋ ಅಷ್ಟನ್ನು ಬೇರ್ಪಡಿಸಿ, ಮೊದಲು ಅದನ್ನು ಒಪ್ಪಿಕೊಳ್ಳಿ. ತಪ್ಪಾದ ಅಂಶವನ್ನು ಆಮೇಲೆ, ಶಾಂತವಾಗಿ, ವಿವರಿಸಬಹುದು.

ಕ್ಷಮೆ ಕೇಳುವ ರೀತಿಯನ್ನು ಇಬ್ಬರು ಅರಸರಿಂದ ಕಲಿಯಬಹುದು. ಪ್ರವಾದಿ ಸಮುವೇಲನು ಗದರಿಸಿದಾಗ ಸೌಲನೂ "ನಾನು ಪಾಪಮಾಡಿದ್ದೇನೆ" ಎಂದನು. ಆದರೆ ಮೊದಲು ಜನರ ಮೇಲೆ ತಪ್ಪು ಹೊರಿಸಿದನು, ಕೊನೆಗೆ ನನ್ನ ಜನರ ಹಿರಿಯರ ಮುಂದೆ ನನ್ನ ಮಾನವನ್ನು ಉಳಿಸು ಎಂದು ಬೇಡಿಕೊಂಡನು. ಪ್ರವಾದಿ ನಾತಾನನು "ಆ ಮನುಷ್ಯನು ನೀನೇ" ಎಂದಾಗ ದಾವೀದನ ಬಾಯಿಂದ ಬಂದದ್ದು ಯೆಹೋವನಿಗೆ ವಿರೋಧವಾಗಿ ಪಾಪಮಾಡಿದೆನೆಂಬ ಒಂದೇ ವಾಕ್ಯ. ಆದ್ದರಿಂದ ಕ್ಷಮೆ ಕೇಳುವಾಗ "ಆದರೆ" ಎಂಬ ಮಾತನ್ನು ಸೇರಿಸಬೇಡಿ, "ನಿಮಗೆ ನೋವಾಗಿದ್ದರೆ" ಎಂಬ ಷರತ್ತನ್ನೂ ಹಾಕಬೇಡಿ. ಏನು ಮಾಡಿದಿರೋ ಅದನ್ನು ಹೆಸರಿಟ್ಟು ಹೇಳಿ, ನಷ್ಟವಾಗಿದ್ದರೆ ತುಂಬಿಕೊಡಿ. ಎಲ್ಲರ ಮುಂದೆ ಅವಮಾನಿಸಿ ಒಬ್ಬರೇ ಇದ್ದಾಗ ಕ್ಷಮೆ ಕೇಳುವುದು ಸಾಲದು; ಅವಮಾನವಾದ ಜಾಗದಲ್ಲಿಯೇ, ಅದನ್ನು ಕಂಡವರ ಮುಂದೆಯೇ ಕೇಳಬೇಕು.

ನಮ್ಮ ಮನೆಗಳಲ್ಲಿ ಹಿರಿಯರು ಕಿರಿಯರ ಕ್ಷಮೆ ಕೇಳುವ ವಾಡಿಕೆ ಇಲ್ಲವೆಂಬುದನ್ನು ಇಲ್ಲಿ ನೇರವಾಗಿ ಹೇಳಬೇಕಾಗಿದೆ. ತಂದೆ ಮಗನಲ್ಲಿ, ಅತ್ತೆ ಸೊಸೆಯಲ್ಲಿ, ಸಭಾಪಾಲಕರು ಯುವಕರ ಕೂಟದ ಹುಡುಗನಲ್ಲಿ ಕ್ಷಮೆ ಕೇಳಿದರೆ ಅಧಿಕಾರ ಹೋಗುತ್ತದೆಂಬ ಭಯವಿದೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಪರ್ವತ ಪ್ರಸಂಗದಲ್ಲಿ ಹೇಳಿದ ಯೇಸು, ಅದರಲ್ಲಿ ವಯಸ್ಸಿನ ಮಿತಿಯನ್ನಾಗಲಿ ಸ್ಥಾನದ ವಿನಾಯಿತಿಯನ್ನಾಗಲಿ ಇಟ್ಟಿಲ್ಲ. ಈ ವಾರ ನೀವು ಒಂದೇ ಒಂದು ಅಭ್ಯಾಸವನ್ನು ಕೈಗೊಳ್ಳಬಲ್ಲಿರಾದರೆ ಇದನ್ನೇ ಕೈಗೊಳ್ಳಿರಿ: ನಿಮಗಿಂತ ಚಿಕ್ಕವರೊಬ್ಬರಲ್ಲಿ ಕೇಳಬೇಕಾಗಿರುವ ಕ್ಷಮೆಯನ್ನು ಕೇಳಿರಿ.

ಎಲ್ಲಿ ಕುಳಿತುಕೊಳ್ಳುತ್ತೀರಿ, ಯಾರ ಜೊತೆ ಉಣ್ಣುತ್ತೀರಿ

ಮದುವೆಯ ಊಟಕ್ಕೆ ಕರೆದಾಗ ಕಡೆಯ ಸ್ಥಾನದಲ್ಲಿ ಕುಳಿತುಕೋ ಎಂದು ಯೇಸು ಹೇಳಿದ ಮಾತು ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಅದೇ ಊಟದಲ್ಲಿ ಆತನು ಆತಿಥೇಯನಿಗೂ, ಔತಣ ಮಾಡಿಸುವಾಗ ತಿರುಗಿ ಕರೆಯಲಾರದ ಬಡವರನ್ನೂ ಅಂಗಹೀನರನ್ನೂ ಕುಂಟರನ್ನೂ ಕುರುಡರನ್ನೂ ಕರೆ ಎಂದನು. ಯಾಕೋಬನು ತನ್ನ ಪತ್ರಿಕೆಯಲ್ಲಿ, ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಜಾಗವನ್ನೂ ಕೊಳೆಬಟ್ಟೆಯವನಿಗೆ ಕಾಲ್ಮಣೆಯ ಬಳಿಯ ನೆಲವನ್ನೂ ತೋರಿಸುವ ಸಭೆಯನ್ನು ಖಂಡಿಸಿದನು. ಹೀಗೆ ಹೊಸ ಒಡಂಬಡಿಕೆಯಲ್ಲಿ ದೀನತೆಯ ಪ್ರಶ್ನೆ ಮತ್ತೆ ಮತ್ತೆ ಆಸನಕ್ಕೂ ಊಟಕ್ಕೂ ಬಂದು ನಿಲ್ಲುತ್ತದೆ.

ಭಾರತದ ಸಭೆಗೆ ಇದು ಮೊದಲಿನಿಂದಲೂ ಕಠಿಣ ಪ್ರಶ್ನೆಯಾಗಿದೆ. ದಕ್ಷಿಣ ಭಾರತದ ಹಲವು ಸಭೆಗಳಲ್ಲಿ ಜಾತಿಗೆ ತಕ್ಕಂತೆ ಬೇರೆ ಬೇರೆ ಕಡೆ ಕುಳಿತುಕೊಳ್ಳುವ ಪದ್ಧತಿ ಮುಂದುವರಿದಿದ್ದಾಗ, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದು, ಜಾತಿಭೇದವನ್ನು ಖಂಡಿತವಾಗಿ, ತಕ್ಷಣವೇ, ಮತ್ತೆಂದೂ ಬಾರದಂತೆ ಬಿಡಬೇಕೆಂದು ಆಜ್ಞಾಪಿಸಿದರು. ಅದನ್ನು ಒಪ್ಪದೆ ತಂಜಾವೂರಿನಲ್ಲಿ ಹಲವರು ಸಭೆಯಿಂದಲೇ ದೂರವಾದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ಜಾತಿಯನ್ನು ಬಿಡುವುದನ್ನು ದೀಕ್ಷಾಸ್ನಾನದ ಜೊತೆಗೆ ಬಿಡದೆ ಸೇರಿಸಿತು. 1844ರಲ್ಲಿ ಅಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯರು ಸೇರಿದ್ದು ಬಹುಪಾಲು ಬಿಲ್ಲವರಿದ್ದ ಸಭೆಯನ್ನು. ಆ ತಲೆಮಾರಿನವರಿಗೆ ತಗ್ಗುವುದು ಎಂದರೆ ಯಾರ ಪಕ್ಕದಲ್ಲಿ ಕುಳಿತು ಉಣ್ಣುತ್ತೇನೆಂಬ ಕಣ್ಣಿಗೆ ಕಾಣುವ ಸಂಗತಿಯಾಗಿತ್ತು.

ಇಂದು ಆರಾಧನೆಯಲ್ಲಿ ಬೆಂಚುಗಳು ಎಲ್ಲರಿಗೂ ಒಂದೇ ಆಗಿದ್ದರೂ, ಮಕ್ಕಳ ಮದುವೆಯ ಮಾತು ಬಂದಾಗ ಹಳೆಯ ಗೋಡೆ ಎಷ್ಟೋ ಕುಟುಂಬಗಳಲ್ಲಿ ಮತ್ತೆ ಏಳುವುದನ್ನು ಬಲ್ಲವರು ಬಲ್ಲರು. ಆದ್ದರಿಂದ ಆರಂಭವನ್ನು ಊಟದಿಂದಲೇ ಮಾಡಿ. ಪ್ರೀತಿಭೋಜನದ ದಿನ ನಿಮ್ಮ ಬಳಗದ ನಡುವೆ ಕುಳಿತುಕೊಳ್ಳದೆ, ಎಂದೂ ಮಾತನಾಡಿಸದವರ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳಿ. ಸಭೆಯ ಆವರಣ ಗುಡಿಸುವವರ ಮನೆಗೆ, ಅವರು ಕರೆದಾಗ, ಹೋಗಿ ಅವರು ಬಡಿಸಿದ್ದನ್ನು ಉಣ್ಣಿರಿ. ಅವರನ್ನು ನಿಮ್ಮ ಮನೆಗೆ ಕರೆದು ಎಲ್ಲರೂ ಕುಳಿತುಕೊಳ್ಳುವ ಜಾಗದಲ್ಲಿಯೇ ಕೂರಿಸಿ. ಮನೆಗೆಲಸದವರಿಗೆ ಬೇರೆ ಲೋಟ ಇಟ್ಟಿದ್ದರೆ ಇಂದೇ ತೆಗೆಯಿರಿ.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮಿನ ಬಾಲಾಪರಾಧಿಗಳ ಬಂದೀಖಾನೆಗೆ ಹೋಗಿ, ಇಬ್ಬರು ಯುವತಿಯರೂ ಸೇರಿದಂತೆ 12 ಮಂದಿಯ ಪಾದಗಳನ್ನು ತೊಳೆದರು. 2016ರಲ್ಲಿ ಆ ವಿಧಿಯ ನಿಯಮವನ್ನೇ ಬದಲಿಸಿ ಸ್ತ್ರೀಯರನ್ನೂ ಆರಿಸಿಕೊಳ್ಳಲು ಅವಕಾಶ ಮಾಡಿಕೊಟ್ಟರು. ನಿಮ್ಮ ಸಭೆಯಲ್ಲಿ ಈ ವಿಧಿಯಿದ್ದರೆ, ಆ 12 ಸ್ಥಾನಗಳಲ್ಲಿ ಪ್ರತಿ ವರ್ಷವೂ ಸಮಿತಿಯ ಗಣ್ಯರೇ ಕುಳಿತಿರುತ್ತಾರೆಯೇ ಎಂದು ಕೇಳಬೇಕಾದವರು ಆ ಗಣ್ಯರೇ.

ದೀನತೆಯ ಹೆಸರಿನಲ್ಲಿ ಮಾಡಬಾರದ್ದು

ಹೊಡೆಯುವ ಗಂಡನ ಜೊತೆ ಇರುವ ಸ್ತ್ರೀಗೆ "ನಿನ್ನನ್ನು ಇನ್ನೂ ತಗ್ಗಿಸಿಕೋ ತಂಗಿ, ಪ್ರಾರ್ಥಿಸು" ಎಂದು ಹೇಳಿ ಕಳುಹಿಸುವುದು ಸುವಾರ್ತೆಯ ಬೋಧನೆಯಲ್ಲ. ಮಹಾಯಾಜಕನ ಮುಂದೆ ಸೇವಕನೊಬ್ಬನು ಕೆನ್ನೆಗೆ ಹೊಡೆದಾಗ ಯೇಸು, ನಾನು ತಪ್ಪಾಗಿ ಮಾತನಾಡಿದ್ದರೆ ತಪ್ಪನ್ನು ತೋರಿಸು, ಸರಿಯಾಗಿ ಮಾತನಾಡಿದ್ದರೆ ನನ್ನನ್ನು ಹೊಡೆಯುವುದೇಕೆ ಎಂದು ಪ್ರಶ್ನಿಸಿದನು. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಕಳುಹಿಸಲು ನೋಡಿದಾಗ, ಪೌಲನು ತಾನು ರೋಮಾಪುರದ ಹಕ್ಕುಳ್ಳವನೆಂದು ತಿಳಿಸಿ, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದನು. ಅದೇ ಊರಿನ ಸಭೆಗೆ, ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ಧರಿಸಿದನೆಂಬ ಮಹಾವಾಕ್ಯವನ್ನು ಬರೆದವನೂ ಆತನೇ. ಕ್ರಿಸ್ತನು ತಾನಾಗಿ ತಗ್ಗಿದನು; ಇನ್ನೊಬ್ಬರ ಕುತ್ತಿಗೆ ಹಿಡಿದು ತಗ್ಗಿಸುವ ಅಧಿಕಾರವನ್ನು ಆತನು ಯಾರಿಗೂ ಕೊಡಲಿಲ್ಲ.

ನೀವು ಸಭೆಯ ಹಿರಿಯರಾಗಿದ್ದು ಇಂಥ ದೂರು ನಿಮ್ಮ ಬಳಿಗೆ ಬಂದರೆ, ಮೊದಲು ಆ ವ್ಯಕ್ತಿಯ ಸುರಕ್ಷತೆಯನ್ನು ನೋಡಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಎಂಬ ಸಹಾಯವಾಣಿಗಳಿವೆ. ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು ಅಹಂಕಾರದ ಒಂದು ರೂಪ. ತನ್ನ ಮಾನಕ್ಕಾಗಿ ಬೇಡಿಕೊಂಡ ಸೌಲನ ದಾರಿಯದು.

ಹೊಗಳಿಕೆ ಮತ್ತು ಹುದ್ದೆ

ಆರಾಧನೆಯ ನಂತರ ಯಾರಾದರೂ "ಇಂದಿನ ಸಂದೇಶ ತುಂಬಾ ಚೆನ್ನಾಗಿತ್ತು ಬ್ರದರ್" ಎಂದರೆ, "ಅಯ್ಯೋ, ನನ್ನಲ್ಲೇನಿದೆ" ಎಂದು ಎಳೆದಾಡಿ ಅವರಿಂದ ಇನ್ನೆರಡು ಹೊಗಳಿಕೆ ಹೊರಡಿಸುವ ಅಗತ್ಯವಿಲ್ಲ. ವಂದನೆ ಹೇಳಿ, ಯಾವ ಮಾತು ಅವರಿಗೆ ಉಪಯೋಗವಾಯಿತೆಂದು ಕೇಳಿ, ಅವರ ಬದುಕಿನ ಕಡೆಗೆ ಮಾತನ್ನು ತಿರುಗಿಸಿ.

ಹುದ್ದೆಯನ್ನು ಬಿಟ್ಟುಕೊಡುವುದು ಇದಕ್ಕಿಂತ ಬಹಳ ಕಷ್ಟ. ಸ್ನಾನಿಕನಾದ ಯೋಹಾನನ ಶಿಷ್ಯರು ಬಂದು, ಎಲ್ಲರೂ ಯೇಸುವಿನ ಬಳಿಗೆ ಹೋಗುತ್ತಿದ್ದಾರೆ ಎಂದು ದೂರಿಕೊಂಡಾಗ, ಯೋಹಾನನು ತನ್ನನ್ನು ಮದುವಣಿಗನ ಸ್ವರವನ್ನು ಕೇಳಿ ಸಂತೋಷಪಡುವ ಗೆಳೆಯನೆಂದು ಕರೆದುಕೊಂಡು, ಆತನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಎಂದನು. ಕಾರ್ಯದರ್ಶಿ, ಖಜಾಂಚಿ, ಗಾಯನತಂಡದ ನಾಯಕ, ಸ್ತ್ರೀ ಸಮಾಜದ ಅಧ್ಯಕ್ಷೆ, ಯಾವ ಜವಾಬ್ದಾರಿಯಲ್ಲಿದ್ದರೂ ಅದನ್ನು ಮುಂದೆ ಹೊರಬಲ್ಲ ಒಬ್ಬರನ್ನು ನೀವು ಇನ್ನೂ ಆ ಸ್ಥಾನದಲ್ಲಿರುವಾಗಲೇ ತಯಾರು ಮಾಡಲು ಆರಂಭಿಸಿ. ಬಿಡುವ ದಿನ ಬಂದಾಗ ಬೀಗದ ಕೈ, ಲೆಕ್ಕದ ಪುಸ್ತಕ, ಬ್ಯಾಂಕಿನ ಕಾಗದಪತ್ರ ಎಲ್ಲವನ್ನೂ ಒಂದೇ ಸಲಕ್ಕೆ ಒಪ್ಪಿಸಿ. ನಿಮಗೆ ಮಾತ್ರ ಗೊತ್ತಿರುವ ಸಂಗತಿಗಳನ್ನು ಬರೆದು ಕೊಡಿ. ಅವರು ಕೇಳಿದಾಗ ಸಲಹೆ ಕೊಡಿ, ಕೇಳದಿದ್ದಾಗ ಅವರಿಗಾಗಿ ಪ್ರಾರ್ಥಿಸಿ. ಕೆಲವು ವಾರಗಳ ನಂತರ ಯಾರಾದರೂ ನಿಮ್ಮ ಬಳಿಗೆ ಬಂದು, "ನೀವಿದ್ದಾಗ ಹೀಗಿರಲಿಲ್ಲ" ಎಂದು ಹೊಸಬರ ಮೇಲೆ ದೂರು ಹೇಳಿದರೆ, ಆ ಮಾತಿಗೆ ತಲೆದೂಗದೆ, ಅವರನ್ನು ಕರೆದುಕೊಂಡು ನೇರವಾಗಿ ಹೊಸಬರ ಬಳಿಗೇ ಹೋಗಿ, ಅಲ್ಲಿ ಅವರು ಹೇಳಬೇಕಾದದ್ದನ್ನು ಹೇಳಲು ಬಿಡಿ.